ಜಿನೀವಾಕ್ಕೆ ಹೋಗೋ ವರದಿ, ನಮ್ಮ ತಾಲೂಕಿನಿಂದ ಹೋಗೋ 'ನಿಲ್'

ಕನ್ಸಲ್ಟೆಂಟ್ ಬೇಕಾಗಿದ್ದಾರೆ. ಕೆಲಸ ಏನಪ್ಪಾ ಅಂದ್ರೆ, ದೇಶದಲ್ಲಿ ಹೆಣ್ಣುಮಕ್ಕಳ ಹಕ್ಕುಗಳು ಎಷ್ಟು ಮುಂದೆ ಬಂದಿವೆ ಅಂತ ವಿಶ್ವಸಂಸ್ಥೆಗೆ ಕೊಡೋ ವರದಿ ಬರೆಯೋಕೆ ಸರ್ಕಾರಕ್ಕೆ ನೆರವಾಗೋದು. ಅವಧಿ ಕೆಲವು ತಿಂಗಳು. ಸ್ನಾತಕೋತ್ತರ ಪದವಿ ಬೇಕು, ವರ್ಷಗಟ್ಟಲೆ ಅನುಭವ ಬೇಕು, ಇಂಗ್ಲಿಷ್ ಚೆನ್ನಾಗಿರಬೇಕು.

ಬೀಜಿಂಗ್ ಮಹಿಳಾ ಸಮ್ಮೇಳನಕ್ಕೆ 2025ಕ್ಕೆ 30 ವರ್ಷ ತುಂಬಿತು. ಅದರ ಹಿಂದುಮುಂದಿನ ತಿಂಗಳುಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ಈ ಧಾಟಿಯ ಜಾಹೀರಾತುಗಳು ಬಂದವು. ಬಸ್ ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯವರಿಗೆ ಇದನ್ನ ಹೇಳಿದೆ. "ದೇಶದ ಹೆಣ್ಮಕ್ಕಳ ವರದಿ ಬರಿಯಾಕ ಬಾಡಿಗಿ ಮನುಷ್ಯಾ ಬೇಕೇನ್ರಿ? ಸರ್ಕಾರದಾಗ ಅಷ್ಟು ಮಂದಿ ಕುಂತಾರಲ್ಲ" ಅಂದ್ರು.

ಪ್ರಶ್ನೆ ಸರಿಯಾಗೇ ಇದೆ. ಆದರೆ ಉತ್ತರ ಹುಡುಕ್ತಾ ಹೋದ್ರೆ ದಾರಿ ನ್ಯೂಯಾರ್ಕ್, ಜಿನೀವಾ, ದೆಹಲಿ ಸುತ್ತಿ ಕೊನೆಗೆ ನಮ್ಮ ತಾಲೂಕಿನ ಬಟ್ಟೆ ಅಂಗಡಿಗೇ ಬಂದು ನಿಲ್ಲುತ್ತೆ. ಅದಕ್ಕೇ ಇಲ್ಲಿ ಬರೀತಿರೋದು.

ಇದು ಎಂಥ ವರದಿ?

ಎರಡು ಥರದ ವರದಿಗಳಿವೆ. 1995ರ ಸೆಪ್ಟೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ 189 ದೇಶಗಳು ಸೇರಿ 12 ವಿಷಯಗಳ ಒಂದು ಪಟ್ಟಿ ಒಪ್ಪಿಕೊಂಡವು. ಬಡತನ, ಓದು, ಆರೋಗ್ಯ, ಹಿಂಸೆ, ಅಧಿಕಾರದಲ್ಲಿ ಪಾಲು, ಹೀಗೆ. ಐದು ವರ್ಷಕ್ಕೊಮ್ಮೆ ಪ್ರತಿ ದೇಶ ತಾನು ಎಲ್ಲಿದ್ದೀನಿ ಅಂತ ಬರೆದು ಕೊಡಬೇಕು. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಚರ್ಚೆಗೆ ಬಂದದ್ದು ಈ ಬೀಜಿಂಗ್ ಪಟ್ಟಿ.

ಇನ್ನೊಂದು ಇದಕ್ಕಿಂತ ಗಟ್ಟಿ. ಮಹಿಳೆಯರ ವಿರುದ್ಧದ ಎಲ್ಲ ರೀತಿಯ ತಾರತಮ್ಯ ತೊಡೆಯುವ ಒಪ್ಪಂದ ಅಂತ ಇದೆ. ಸಿಡಾ ಅಂತ ಕರೀತಾರೆ. 1979ರದ್ದು. ಭಾರತ 1980ರಲ್ಲಿ ಸಹಿ ಹಾಕಿ, 1993ರ ಜುಲೈ 9ರಂದು ಅನುಮೋದಿಸಿತು. ಅನುಮೋದಿಸಿದ ದೇಶ ಒಂದು ವರ್ಷದೊಳಗೆ ಮೊದಲ ವರದಿ ಕೊಡಬೇಕು, ಆಮೇಲೆ ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ. 23 ಪರಿಣತರ ಸಮಿತಿ ಅದನ್ನ ಓದಿ ಸರ್ಕಾರದ ಪ್ರತಿನಿಧಿಗಳನ್ನ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತೆ. ನಮ್ಮ ಮೊದಲ ವರದಿ ಆ ಸಮಿತಿ ಮುಂದೆ ಬಂದಿದ್ದು 2000ದಲ್ಲಿ. ಎರಡನೇದು ಮೂರನೇದು ಸೇರಿಸಿ 2007ರಲ್ಲಿ. ನಾಲ್ಕು ಐದು ಸೇರಿಸಿ 2014ರಲ್ಲಿ. ನಾಲ್ಕು ವರ್ಷದ ಕೆಲಸಕ್ಕೆ ಏಳು ವರ್ಷ ಹಿಡಿಸಿದ್ವಿ ಅಂತ ಅರ್ಥ.

ತಡ ಯಾಕಾಗುತ್ತೆ ಅನ್ನೋದು ಸರ್ಕಾರಿ ಕಚೇರಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಣೆ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ್ದು. ಆದರೆ ಪೊಲೀಸ್ ಲೆಕ್ಕ ಗೃಹ ಇಲಾಖೆಯಲ್ಲಿ, ಹೆರಿಗೆ ಲೆಕ್ಕ ಆರೋಗ್ಯ ಇಲಾಖೆಯಲ್ಲಿ, ಕೂಲಿ ಲೆಕ್ಕ ಕಾರ್ಮಿಕ ಇಲಾಖೆಯಲ್ಲಿ, ಜಮೀನಿನ ಲೆಕ್ಕ ರಾಜ್ಯಗಳ ಕಂದಾಯದಲ್ಲಿ. ಇದನ್ನೆಲ್ಲ ಒಟ್ಟುಗೂಡಿಸಿ, ವಿಶ್ವಸಂಸ್ಥೆ ಕೇಳೋ ಅಚ್ಚಿನಲ್ಲಿ ಕೂರಿಸಿ ಬರೆಯೋದು ಒಂದು ಪ್ರತ್ಯೇಕ ಕಸುಬು. ಇಲಾಖೆಯ ಅಧಿಕಾರಿ ಈ ಕೆಲಸ ಶುರು ಮಾಡಿ ಅರ್ಧಕ್ಕೆ ಬರೋಷ್ಟರಲ್ಲಿ ವರ್ಗಾವಣೆ ಆಗಿರ್ತಾರೆ. ಅದಕ್ಕೇ ಎಷ್ಟೋ ದೇಶಗಳು ಕನ್ಸಲ್ಟೆಂಟ್ ಇಟ್ಟುಕೊಳ್ಳುತ್ತವೆ. ಸಣ್ಣ ದೇಶಗಳಿಗೆ ಯುಎನ್ ವಿಮೆನ್ ಅನ್ನೋ ವಿಶ್ವಸಂಸ್ಥೆಯ ಮಹಿಳಾ ಸಂಸ್ಥೆಯೇ ದುಡ್ಡು ಕೊಟ್ಟು ಒದಗಿಸೋದೂ ಉಂಟು.

ನನ್ನ ಪ್ರಕಾರ ಇದರಲ್ಲಿ ತಪ್ಪೇನಿಲ್ಲ. ನಮ್ಮ ವ್ಯಾಪಾರಸ್ಥರೂ ಜಿಎಸ್‌ಟಿ ರಿಟರ್ನ್ ತಾವೇ ತುಂಬಲ್ಲ, ಅದಕ್ಕೆ ಗೊತ್ತಿದ್ದವರ ಹತ್ತಿರ ಹೋಗ್ತಾರೆ. ಆದರೆ ಅವರು ತುಂಬೋದು ನೀವು ಕೊಟ್ಟ ಬಿಲ್ಲುಗಳನ್ನ ಮಾತ್ರ. ನೀವು ಕೊಡದೇ ಇರೋ ಬಿಲ್ಲು ಅವರಿಗೆ ಕಾಣಲ್ಲ. ಕನ್ಸಲ್ಟೆಂಟ್ ಕಥೆಯೂ ಅದೇ. ಸಾಮಾನ್ಯವಾಗಿ ಅವರ ಕೆಲಸ ಹೀಗೆ ಸಾಗುತ್ತೆ: ಮೊದಲು ಇರೋ ದಾಖಲೆ ಓದೋದು, ರಾಜಧಾನಿಯಲ್ಲಿ ಇಲಾಖೆಗಳ ಜತೆ, ಒಂದಷ್ಟು ಸಂಘಸಂಸ್ಥೆಗಳ ಜತೆ ಸಭೆ, ಕರಡು, ಕರಡು ಒಪ್ಪಿಸೋಕೆ ಇನ್ನೊಂದು ಸಭೆ, ಕೊನೇ ಪ್ರತಿ. ಒಂದೊಂದು ಹಂತ ಮುಗಿದಾಗ ಒಂದೊಂದು ಕಂತು ಹಣ. ಇದರಲ್ಲಿ ತಾಲೂಕಿಗೆ ಬಂದು ಹೋಗೋಕೆ ಎಷ್ಟು ದಿನ ಸಿಗುತ್ತೆ ನೀವೇ ಲೆಕ್ಕ ಹಾಕಿ.

ಮೇಲಾಗಿ ವರದಿಯ ಮೇಲಿರೋ ಹೆಸರು ಸರ್ಕಾರದ್ದು. ಮಾರ್ಕ್ಸ್ ಕಾರ್ಡ್ ಬರೆಯೋರಿಗೆ ಸಂಬಳ ಕೊಡೋದು, ಅಥವಾ ಬರೆದದ್ದನ್ನ ಒಪ್ಪೋದು ಬಿಡೋದು, ಪರೀಕ್ಷೆ ಬರೆದವರೇ. ಇದು ಗೊತ್ತಿದ್ದೇ ಸಿಡಾ ಸಮಿತಿ ಮಹಿಳಾ ಸಂಘಟನೆಗಳು ಕೊಡೋ ಪರ್ಯಾಯ ವರದಿಗಳನ್ನೂ ತಗೊಳ್ಳುತ್ತೆ. ಭಾರತದಿಂದಲೂ ಅಂಥವು ಹೋಗಿವೆ. ಅಷ್ಟರಮಟ್ಟಿಗೆ ಸಮಾಧಾನ. ನನ್ನ ತಕರಾರು ಬರೆಯೋರ ಪ್ರಾಮಾಣಿಕತೆ ಮೇಲೆ ಅಲ್ಲ. ಎಷ್ಟೇ ಪ್ರಾಮಾಣಿಕರಾದ್ರೂ ಕೈಗೆ ಬರೋ ಅಂಕಿ ಏನು ಹೇಳುತ್ತೆ ಅನ್ನೋದರ ಮೇಲೆ.

ಗಲ್ಲಾದ ಮೇಲೆ ಕೂತಿರೋರು ಯಾರ ಲೆಕ್ಕಕ್ಕೆ?

ಸರ್ಕಾರ ಈಗ ಹೆಮ್ಮೆಯಿಂದ ಹೇಳೋ ಒಂದು ಅಂಕಿ ತಗೊಳ್ಳಿ. ದೇಶದಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಮೆಯಲ್ಲಿ ಇರೋರು ಅಥವಾ ಕೆಲಸ ಹುಡುಕ್ತಿರೋರು 2017-18ರಲ್ಲಿ ಶೇ. 23.3 ಇದ್ದರು. 2023-24ರಲ್ಲಿ ಶೇ. 41.7. ಆರು ವರ್ಷದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಿನ ಹತ್ತಿರ. ಯಾವ ಕನ್ಸಲ್ಟೆಂಟ್ ಆದ್ರೂ ಇದನ್ನ ಮೊದಲ ಪುಟದಲ್ಲೇ ಹಾಕ್ತಾರೆ.

ಈಗ ಅದೇ ಸಮೀಕ್ಷೆಯ ಇನ್ನೊಂದು ಸಾಲು ನೋಡಿ. ದುಡಿಯೋ ಮಹಿಳೆಯರಲ್ಲಿ 'ಸ್ವಂತ ಉದ್ಯೋಗ'ದ ಪಾಲು ಇದೇ ಅವಧಿಯಲ್ಲಿ ಶೇ. 51.9ರಿಂದ ಶೇ. 67.4ಕ್ಕೆ ಏರಿದೆ. ಸ್ವಂತ ಉದ್ಯೋಗ ಅಂದಕೂಡಲೇ ನಮಗೆ ಬ್ಯೂಟಿ ಪಾರ್ಲರ್, ಟೈಲರಿಂಗ್, ರೊಟ್ಟಿ ಕೇಂದ್ರ ನೆನಪಾಗುತ್ತೆ. ಆದರೆ ಈ ಗುಂಪಿನೊಳಗೆ ಇನ್ನೊಂದು ಜಾತಿ ಇದೆ: ಮನೆಯವರ ವ್ಯವಹಾರಕ್ಕೆ ಸಂಬಳ ಇಲ್ಲದೆ ಕೈಜೋಡಿಸೋರು.

ಅಂಥವರು ಯಾರು ಅಂತ ಹುಡುಕೋಕೆ ಪೇಟೆಯಲ್ಲಿ ನೂರು ಹೆಜ್ಜೆ ನಡೆದರೆ ಸಾಕು. ಬೆಳಿಗ್ಗೆ ಕಿರಾಣಿ ಅಂಗಡಿ ಶಟರ್ ಎತ್ತಿ, ಕಸ ಹೊಡೆದು, ದೀಪ ಹಚ್ಚಿ, ಸಾಹುಕಾರರು ಸ್ನಾನ ಮುಗಿಸಿ ಬರೋವರೆಗೆ ಗಲ್ಲಾ ನೋಡ್ಕೊಳ್ಳೋರು. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಮತ್ತೆ ಕೂರೋರು. ಸಂತೆ ದಿನ ಪೂರ್ತಿ ನಿಂತಿರೋರು. ಯಾರ ಉದ್ರಿ ಎಷ್ಟಿದೆ ಅಂತ ಪುಸ್ತಕ ತೆಗೀದೆ ಹೇಳೋರು. ಇವರಲ್ಲಿ ಒಬ್ಬರನ್ನ ಕೇಳಿದೆ, ಅಕ್ಕಾ ನೀವು ಏನು ಕೆಲಸ ಮಾಡ್ತೀರಿ ಅಂತ. ಬೇಳೆ ತೂಗ್ತಾ ತೂಗ್ತಾನೇ "ನಾ ಏನೂ ಮಾಡೂದಿಲ್ಲ ತಮ್ಮಾ, ಮನ್ಯಾಗಿರ್ತೀನಿ" ಅಂದ್ರು. ಪಕ್ಕದಲ್ಲಿದ್ದ ಗಿರಾಕಿ ನಕ್ಕರು, ಅವರೂ ನಕ್ಕರು.

ಸಮೀಕ್ಷೆಯವರು ಜಾಣರಾಗಿದ್ದು ಬಿಡಿಸಿ ಬಿಡಿಸಿ ಕೇಳಿದ್ರೆ ಈ ಅಕ್ಕ 'ದುಡಿಯುವ ಮಹಿಳೆ'. ಅವಸರದಲ್ಲಿ ಕೇಳಿದ್ರೆ 'ಗೃಹಿಣಿ'. ಅವರ ದಿನ ಮೊದಲು ಹೇಗಿತ್ತೋ ಈಗಲೂ ಹಾಗೇ ಇದೆ. ಕೈಗೆ ಬರೋ ದುಡ್ಡೂ ಬದಲಾಗಿಲ್ಲ. ಬದಲಾಗಿದ್ದು ಕಾಲಂ ಮಾತ್ರ. ಹಾಗಂತ ಏರಿಕೆಯೆಲ್ಲಾ ಸುಳ್ಳು ಅಂತ ನಾನು ಹೇಳ್ತಿಲ್ಲ. ಹೊಲದಲ್ಲಿ, ಹೈನುಗಾರಿಕೆಯಲ್ಲಿ, ಸ್ವಸಹಾಯ ಸಂಘದ ಸಾಲದಲ್ಲಿ ನಿಜವಾಗಿ ಕೆಲಸ ಹೆಚ್ಚಿದೆ. ಕೇಳಬೇಕಾದದ್ದು ಏನಂದ್ರೆ, ಈ ಶೇ. 41.7ರಲ್ಲಿ ತಿಂಗಳ ಕೊನೆಗೆ ತನ್ನ ಕೈಗೆ ತನ್ನ ದುಡ್ಡು ಬರೋ ಹೆಣ್ಣುಮಕ್ಕಳು ಎಷ್ಟು? ಹಕ್ಕಿನ ವರದಿ ಅಂದಮೇಲೆ ಅದೇ ತಾನೇ ಮುಖ್ಯ.

ಉಲ್ಟಾ ಕೇಸೂ ಇದೆ, ಅದನ್ನೂ ಹೇಳಿಬಿಡ್ತೀನಿ. ಸಬ್ಸಿಡಿ ಸಾಲಕ್ಕೋಸ್ಕರ ಲೈಸೆನ್ಸ್ ಹೆಂಡತಿ ಹೆಸರಲ್ಲಿ, ಚೆಕ್‌ಬುಕ್ ಗಂಡನ ಜೇಬಲ್ಲಿ. ದಾಖಲೆಯಲ್ಲಿ ಅದು 'ಮಹಿಳಾ ಉದ್ಯಮ'. ಒಬ್ಬರು ದಿನವಿಡೀ ದುಡಿದ್ರೂ ಹೆಸರಿಲ್ಲ, ಇನ್ನೊಬ್ಬರ ಹೆಸರಿದೆ, ಅಂಗಡಿ ಒಳಗೆ ಕಾಲಿಟ್ಟಿಲ್ಲ. ಗ್ರಾಮ ಪಂಚಾಯಿತಿಯಲ್ಲೂ ಇದೇ ಆಟ ನಡೀತಿರೋದು ನಿಮಗೆ ಗೊತ್ತು. ಕರ್ನಾಟಕ 1987ರ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ. 25 ಮೀಸಲು ಕೊಟ್ಟ ರಾಜ್ಯ, 2010ರಲ್ಲಿ ಅದನ್ನ ಶೇ. 50 ಮಾಡಿದ ರಾಜ್ಯ. ವರದಿಯಲ್ಲಿ ಇದು ಬರಲೇಬೇಕು, ಬರೆಯೋ ಯೋಗ್ಯತೆ ಇರೋ ಸಾಧನೆಯೇ. ಆದರೆ ಸಭೆಯಲ್ಲಿ ಕುರ್ಚಿ ಮೇಲೆ ಕೂತಿದ್ದು ಸದಸ್ಯೆಯೋ, ಸದಸ್ಯೆಯ ಗಂಡನೋ ಅನ್ನೋದನ್ನ ಯಾವ ರಿಜಿಸ್ಟರೂ ಬರೆದುಕೊಳ್ಳಲ್ಲ.

ಅಂದಹಾಗೆ ಕೇಂದ್ರದ ಸಮಯ ಬಳಕೆ ಸಮೀಕ್ಷೆ ಅಂತ ಒಂದಿದೆ. ಯಾರೂ ಅಷ್ಟಾಗಿ ಮಾತಾಡಲ್ಲ, ನನಗಂತೂ ಅದೇ ಎಲ್ಲಕ್ಕಿಂತ ಸತ್ಯ ಹೇಳುತ್ತೆ ಅನಿಸುತ್ತೆ. ಸಂಬಳವಿಲ್ಲದ ಮನೆಗೆಲಸಕ್ಕೆ, ಆ ಕೆಲಸ ಮಾಡೋ ಹೆಣ್ಣುಮಕ್ಕಳು 2019ರಲ್ಲಿ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಿದ್ರು, ಗಂಡಸರು 97. ಐದು ವರ್ಷ ಬಿಟ್ಟು 2024ರಲ್ಲಿ ಕೇಳಿದ್ರೆ 289 ಮತ್ತು 88. ಹೆಣ್ಣುಮಕ್ಕಳಿಗೆ ಹತ್ತು ನಿಮಿಷ ಉಳೀತು. ಗಂಡಸರಿಗೂ ಒಂಬತ್ತು ನಿಮಿಷ ಉಳೀತು! ಮಿಕ್ಸರ್, ಗ್ಯಾಸ್ ಬಂದದ್ದರ ಲಾಭ ಇಬ್ಬರಿಗೂ ಹಂಚಿಕೆ ಆಗಿದೆ ಅನ್ನಬೇಕೋ ಏನೋ.

ದೇಶದಲ್ಲಿ ಇಳೀತು, ನಮ್ಮಲ್ಲಿ ಏರಿತು

ಎರಡನೇ ಅಂಕಿ ಓದೋಕೆ ಕಷ್ಟ ಆಗುತ್ತೆ, ಆದರೆ ಓದಲೇಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019-21ರದ್ದು. ಗಂಡನಿಂದ ಯಾವತ್ತಾದ್ರೂ ಹಿಂಸೆ ಅನುಭವಿಸಿದ ವಿವಾಹಿತ ಮಹಿಳೆಯರು ಎಷ್ಟು ಅಂತ ಅದರಲ್ಲಿ ಕೇಳಿದ್ರು. ಇಡೀ ದೇಶದ ಲೆಕ್ಕ ಶೇ. 29.3. ಅದಕ್ಕೂ ಹಿಂದಿನ ಸುತ್ತಿನಲ್ಲಿ ಶೇ. 31.2 ಇತ್ತು, ಅಂದ್ರೆ ಇಳಿದಿದೆ. ಕರ್ನಾಟಕದ ಲೆಕ್ಕ ಹಿಂದಿನ ಸುತ್ತಿನಲ್ಲಿ ಶೇ. 20.6 ಇತ್ತು, ಈ ಸುತ್ತಿನಲ್ಲಿ ಶೇ. 44.4. ದೇಶದಲ್ಲೇ ಹೆಚ್ಚು.

ಈಗ ದೆಹಲಿಯಲ್ಲಿ ಕೂತ ಕನ್ಸಲ್ಟೆಂಟ್ ಜಾಗದಲ್ಲಿ ನಿಂತು ನೋಡಿ. ಅವರು ಬರೀಬೇಕಾದದ್ದು ದೇಶದ ವರದಿ. "ಕೌಟುಂಬಿಕ ಹಿಂಸೆ ಶೇ. 31.2ರಿಂದ ಶೇ. 29.3ಕ್ಕೆ ಇಳಿದಿದೆ" ಅಂತ ಒಂದು ಸಾಲು ಬರೆದ್ರೆ ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಆ ಸಾಲಿನೊಳಗೆ ಇಡೀ ಕರ್ನಾಟಕ ಮುಚ್ಚಿಹೋಯ್ತು.

"ಲಾಕ್‌ಡೌನ್ ಇತ್ತಲ್ಲ, ಮನೆಯಲ್ಲೇ ಕೂತಿದ್ರು, ಜಗಳ ಜಾಸ್ತಿ ಆಯ್ತು" ಅಂತ ಒಬ್ಬರು ಶಿಕ್ಷಕರು ನನಗೆ ವಿವರಣೆ ಕೊಟ್ಟರು. ಕೇಳೋಕೆ ಸರಿ ಅನಿಸುತ್ತೆ. ಆದರೆ ಕರ್ನಾಟಕದಲ್ಲಿ ಸಮೀಕ್ಷೆ ನಡೆದದ್ದು ಮೊದಲ ಹಂತದಲ್ಲಿ. ಆ ಹಂತ 2019ರ ಜೂನ್‌ನಲ್ಲಿ ಶುರುವಾಗಿ 2020ರ ಜನವರಿಗೆ ಮುಗಿದಿತ್ತು. ಕೊರೊನಾ ಲಾಕ್‌ಡೌನ್ ಬಂದದ್ದು ಮಾರ್ಚ್ ಕೊನೆಗೆ. ಆ ನೆಪ ಇಲ್ಲಿ ನಡೆಯಲ್ಲ.

ಹಾಗಾದ್ರೆ ಹಿಂಸೆ ನಿಜವಾಗಿ ದುಪ್ಪಟ್ಟಾಯ್ತಾ? ಅಥವಾ ಮೊದಲು ಬಾಯಿ ಬಿಡದೇ ಇದ್ದವರು ಈಗ ಹೇಳೋಕೆ ಶುರು ಮಾಡಿದ್ರಾ? ಅಥವಾ ಕೇಳಿದವರು ಈ ಸಲ ಸರಿಯಾಗಿ, ಒಬ್ಬರನ್ನೇ ಕೂರಿಸಿಕೊಂಡು ಕೇಳಿದ್ರಾ? ಎರಡನೇದಾಗಿದ್ರೆ ಅದು ಒಂದು ರೀತಿ ಮುನ್ನಡೆ. ಅಂಕಿ ಕೆಟ್ಟದಾಗಿದೆ, ಆದರೆ ಪರಿಸ್ಥಿತಿ ಸ್ವಲ್ಪ ತೆರೆದುಕೊಂಡಿದೆ. ಇದನ್ನ ತಿಳೀಬೇಕು ಅಂದ್ರೆ ಊರಿಗೆ ಬಂದು ಕೇಳಬೇಕು. ಜಿಲ್ಲೆ ಜಿಲ್ಲೆಯ ಅಂಕಿ ಇಟ್ಟು ಹೋಲಿಸೋಣ ಅಂದ್ರೆ ಅದೂ ಇಲ್ಲ. ಈ ಪ್ರಶ್ನೆಗಳನ್ನ ಎಲ್ಲಾ ಮನೆಗಳಲ್ಲಿ ಕೇಳಲ್ಲ, ಆರಿಸಿದ ಸಣ್ಣ ಪಾಲು ಮನೆಗಳಲ್ಲಿ, ಅದೂ ಮನೆಗೆ ಒಬ್ಬ ಮಹಿಳೆಯನ್ನ ಮಾತ್ರ ಕೇಳ್ತಾರೆ. ಹಾಗಾಗಿ ಜಿಲ್ಲಾ ಪಟ್ಟಿಯಲ್ಲಿ ಇದಕ್ಕೆ ಸಾಲೇ ಇಲ್ಲ. ರಕ್ತಹೀನತೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಅಂತ ಗೊತ್ತು, ಹೊಡೆತ ಎಷ್ಟು ಅಂತ ಗೊತ್ತಿಲ್ಲ.

ಅದೇ ಸಮೀಕ್ಷೆ ಇನ್ನೊಂದು ಮಾತು ಹೇಳುತ್ತೆ. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಯಾರದ್ದಾದ್ರೂ ನೆರವು ಕೇಳಿದವರು ಬರೀ ಶೇ. 14. ಯಾರಿಗೂ ಹೇಳದೇ ಇದ್ದವರು ಶೇ. 77. ಈ ಎರಡು ಸಂಖ್ಯೆ ಇಟ್ಟುಕೊಂಡು ಈಗ ನಮ್ಮ ತಾಲೂಕಿಗೆ ಬನ್ನಿ.

ನಿಲ್, ನಿಲ್, ನಿಲ್

ಅಂತಾರಾಷ್ಟ್ರೀಯ ಒಪ್ಪಂದ, ಅದಕ್ಕೂ ನಮಗೂ ಏನು ಸಂಬಂಧ ಅಂತ ಅನ್ನೋರಿಗೆ ಒಂದು ಉದಾಹರಣೆ. 1992ರಲ್ಲಿ ರಾಜಸ್ಥಾನದ ಭಟೇರಿ ಅನ್ನೋ ಹಳ್ಳಿಯಲ್ಲಿ ಸರ್ಕಾರದ 'ಸಾಥಿನ್' ಕಾರ್ಯಕರ್ತೆಯೊಬ್ಬರು ಬಾಲ್ಯವಿವಾಹ ತಡೆಯೋಕೆ ಹೋದ್ರು. ಅದು ಅವರ ಕೆಲಸವೇ ಆಗಿತ್ತು. ಆ ಸೇಡಿಗೆ ಅವರ ಮೇಲೆ ಅತ್ಯಾಚಾರ ಆಯ್ತು. ಆ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದ ಅರ್ಜಿಯ ಮೇಲೆ 1997ರ ಆಗಸ್ಟ್‌ನಲ್ಲಿ ವಿಶಾಖಾ ತೀರ್ಪು ಬಂತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ಆಗ ದೇಶದಲ್ಲಿ ಪ್ರತ್ಯೇಕ ಕಾನೂನೇ ಇರಲಿಲ್ಲ. ಕೋರ್ಟ್ ಆಧಾರ ಮಾಡಿಕೊಂಡಿದ್ದರಲ್ಲಿ ಈ ಸಿಡಾ ಒಪ್ಪಂದವೂ ಇತ್ತು, ಬೀಜಿಂಗ್‌ನಲ್ಲಿ ಭಾರತ ಕೊಟ್ಟ ಮಾತೂ ಇತ್ತು. ಅಲ್ಲಿ ಸಹಿ ಹಾಕಿದ ಕಾಗದ ಇಲ್ಲಿ ನಿಯಮ ಆಯ್ತು. ಅದರಿಂದ 2013ರ ಕಾಯ್ದೆ ಬಂತು.

ಆ ಕಾಯ್ದೆ ಪ್ರಕಾರ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರೋ ಕಡೆ ಆಂತರಿಕ ಸಮಿತಿ ಇರಲೇಬೇಕು, ಇಲ್ಲದಿದ್ರೆ 50 ಸಾವಿರದವರೆಗೆ ದಂಡ. ನಮ್ಮ ಪೇಟೆಯ ಬಹುಪಾಲು ಅಂಗಡಿಗಳಲ್ಲಿ ಹತ್ತು ಜನ ಇಲ್ಲ. "ನಮ್ಮಲ್ಲಿ ಆರು ಮಂದಿ ಅದಾರ. ಆ ಕಾಯ್ದೆ ನಮಗ ಬರೂದಿಲ್ಲಂತ ಆಡಿಟರ್ ಹೇಳ್ಯಾರ" ಅಂತ ಒಬ್ಬ ವ್ಯಾಪಾರಸ್ಥರು ಹೇಳಿದ್ರು. ಅರ್ಧ ಸರಿ. ಸಮಿತಿ ಮಾಡೋ ಹೊಣೆ ಅವರಿಗೆ ಬರಲ್ಲ. ಕಾಯ್ದೆ ಬರುತ್ತೆ. ಅಂಥ ಅಂಗಡಿಯ ಹೆಣ್ಣುಮಗಳು, ಮನೆಗೆಲಸದವರು, ಅಥವಾ ಮಾಲೀಕನ ಮೇಲೆಯೇ ದೂರು ಇರೋರು ಹೋಗಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಅಷ್ಟು ದೂರ ಹೋಗೋದು ಕಷ್ಟ ಅಂತಲೇ ಪ್ರತಿ ತಾಲೂಕಿಗೆ ಒಬ್ಬ ನೋಡಲ್ ಅಧಿಕಾರಿ ಇರಬೇಕು, ದೂರು ತಗೊಂಡು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಹನ್ನೊಂದು ವರ್ಷ ಆದ್ರೂ ಎಷ್ಟೋ ಕಡೆ ಇದು ಆಗಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಮತ್ತೆ ಗಡುವು ಹಾಕಿ ಆದೇಶ ಮಾಡ್ತು.

ನಮ್ಮ ತಾಲೂಕಿನ ನೋಡಲ್ ಅಧಿಕಾರಿ ಯಾರು ಅಂತ ನಾನು ಕೇಳ್ಕೊಂಡು ಹೊರಟೆ. ಒಂದು ಕಚೇರಿಯಲ್ಲಿ "ಅದು ಜಿಲ್ಲೆಯಲ್ಲಿ ಕೇಳಿ" ಅಂದ್ರು. ಜಿಲ್ಲೆಗೆ ಫೋನ್ ಮಾಡಿದ್ರೆ "ತಾಲೂಕಿನಲ್ಲೇ ಇರ್ತಾರೆ ನೋಡಿ". ಮತ್ತೊಂದು ಕಚೇರಿಯಲ್ಲಿ ಒಬ್ಬ ಮೇಡಂ ಮಾತ್ರ ಕೂರಿಸಿ ಮಾತಾಡಿದ್ರು. ಅವರ ಕೈಯಲ್ಲಿ ಇನ್ನೂ ಹತ್ತಾರು ಯೋಜನೆಗಳ ಕೆಲಸ, ಆ್ಯಪ್‌ಗಳ ಎಂಟ್ರಿ. "ನಮ್ಗ ಬರೋ ಫಾರ್ಮಿನಾಗ ಒಂದ್ ಕಾಲಂ ಇರ್ತೈತಿ, ಎಷ್ಟು ದೂರು ಬಂದಾವ ಅಂತ. ಬಂದಿಲ್ಲ. ನಿಲ್ ಅಂತ ಕಳಿಸ್ತೀವಿ" ಅಂದ್ರು. ಹಿಂದಿನ ವರ್ಷ? ನಿಲ್. ಅದರ ಹಿಂದೆ? ಅದೂ ನಿಲ್.

ಅದೇ ವಾರ ಒಬ್ಬ ಅಕ್ಕನ ಜತೆ ಮಾತಾಡಿದ್ದೆ. ಹೆಸರು, ಓಣಿ ಯಾವುದೂ ಬರೀಬೇಡ ಅಂದಿದ್ದಾರೆ, ಬರೆಯಲ್ಲ. ಒಂದು ಬಟ್ಟೆ ಅಂಗಡಿಯಲ್ಲಿ ನಾಲ್ಕು ವರ್ಷ ಸೀರೆ ಮಡಚಿದವರು. ಅಲ್ಲಿ ಒಬ್ಬರ ವರ್ತನೆ ಸರಿ ಇರಲಿಲ್ಲ. ಮೊದಲು ಮಾತು, ಆಮೇಲೆ ಗೋದಾಮಿನಲ್ಲಿ ಮೈ ತಾಗಿಸೋದು, ಆಮೇಲೆ ರಾತ್ರಿ ಮೆಸೇಜು. ಇವರು ಕೆಲಸ ಬಿಟ್ಟು ಇನ್ನೊಂದು ಅಂಗಡಿ ಸೇರಿದ್ರು. ಸಂಬಳ ಮೊದಲಿಗಿಂತ ಸಾವಿರ ರೂಪಾಯಿ ಕಡಿಮೆ. ದೂರು ಕೊಡಬಹುದಿತ್ತಲ್ಲ ಅಕ್ಕಾ ಅಂದೆ. "ಯಾರಿಗೆ ಕೊಡೂದು? ಟೇಶನ್‌ಗೆ ಹೋದ್ರ ಊರ ತುಂಬ ಆಗ್ತೈತಿ. ಈ ಪ್ಯಾಟ್ಯಾಗ ಎಲ್ಲಾರೂ ಒಬ್ರಿಗೊಬ್ರು ಬೇಕಾದವ್ರು. ಮತ್ಯಾರು ಕೆಲ್ಸಾ ಕೊಡ್ತಾರ ತಮ್ಮಾ?" ತಾಲೂಕಿನಲ್ಲಿ ಇದಕ್ಕೇ ಒಬ್ಬ ಅಧಿಕಾರಿ ಇರಬೇಕು, ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಿಲ್ಲ, ಮೂರು ತಿಂಗಳೊಳಗೆ ಬರೆದುಕೊಟ್ಟರೆ ಆಯ್ತು ಅಂತ ನಾನು ಹೇಳಿದಾಗ ಅವರು ಸುಮ್ಮನೆ ನನ್ನ ಮುಖ ನೋಡಿದ್ರು. ಅವರ ಮೂರು ತಿಂಗಳು ಯಾವತ್ತೋ ಮುಗಿದಿತ್ತು.

ಈ ಅಕ್ಕ ಮತ್ತು ಆ ಮೇಡಂ ಬರೆದ 'ನಿಲ್' ಒಂದೇ ತಾಲೂಕಿನವು. ಮೇಡಂ ಸುಳ್ಳು ಬರೆದಿಲ್ಲ, ದೂರು ಬಂದೇ ಇಲ್ಲ. ಆ ನಿಲ್ ಜಿಲ್ಲೆಗೆ ಹೋಗುತ್ತೆ. ಜಿಲ್ಲೆಯಲ್ಲಿ ಬೇರೆ ತಾಲೂಕುಗಳ ನಿಲ್ ಜತೆ ಕೂಡುತ್ತೆ. ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಮಟ್ಟದಿಂದ ರಾಜ್ಯಕ್ಕೆ ವರ್ಷಕ್ಕೊಂದು ಸಂಕ್ಷಿಪ್ತ ವರದಿ ಹೋಗಬೇಕು. ಅಲ್ಲಿಂದ ಮುಂದೆ ಯಾರೋ ಒಬ್ಬ ಕನ್ಸಲ್ಟೆಂಟ್ ಟೇಬಲ್ ಮೇಲೆ ಒಂದು ಸಣ್ಣ ಅಂಕಿಯಾಗಿ ಬೀಳುತ್ತೆ. ಕಡಿಮೆ ದೂರು ಅಂದ್ರೆ ಕಡಿಮೆ ಕಿರುಕುಳ ಅಂತ ಓದೋಕೆ ಎಷ್ಟೊತ್ತು? ಶೇ. 44.4 ಅನ್ನೋ ಅಂಕಿಯಿಂದ ರಾಜ್ಯಕ್ಕೆ ಮುಖಭಂಗ, ನಿಲ್ ಅನ್ನೋದರಿಂದ ಬೆನ್ನು ತಟ್ಟುವಿಕೆ. ನನಗೆ ಕೇಳಿದ್ರೆ ಶೇ. 44.4 ಅಂತ ಬಾಯಿ ಬಿಟ್ಟ ಊರಿಗಿಂತ ನಿಲ್ ಅಂತ ಬರೆಯೋ ಊರಿಗೆ ಹೆದರಬೇಕು.

ಟಿಕೆಟ್ ಎಣಿಸಿದ ಹಾಗಲ್ಲ

ನಮ್ಮ ರಾಜ್ಯದ ಮಟ್ಟಿಗೆ ಇನ್ನೊಂದು ಮಾತು. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯಲ್ಲಿ 2025ರ ಜುಲೈ ಹೊತ್ತಿಗೆ 500 ಕೋಟಿ ಉಚಿತ ಟಿಕೆಟ್ ಹರಿದಿವೆ. ಗೃಹಲಕ್ಷ್ಮಿಯ 2,000 ರೂಪಾಯಿ ಮನೆ ಯಜಮಾನಿ ಖಾತೆಗೇ ಬೀಳುತ್ತೆ. ಎರಡೂ ಸಣ್ಣ ವಿಷಯ ಅಲ್ಲ. ಬಟ್ಟೆ ಅಂಗಡಿಯ ಆ ಅಕ್ಕನೂ ದೂರದ ಹಳ್ಳಿಯಿಂದ ದಿನಾ ಬಸ್ಸಲ್ಲೇ ಬರೋದು, ಉಳಿಯೋ ಚಾರ್ಜು ಅವರಿಗೆ ಕಾಣೋ ದುಡ್ಡು. ಆದರೆ ಟಿಕೆಟ್ ಮಷಿನ್ ಎಣಿಸೋದು ಪ್ರಯಾಣವನ್ನ. ಆ ಬಸ್ಸಿಳಿದು ಅವರು ಹೋದ ಜಾಗದಲ್ಲಿ ಏನಾಯ್ತು ಅಂತ ಅದಕ್ಕೆ ಗೊತ್ತಾಗಲ್ಲ. ಎಣಿಸೋಕೆ ಸುಲಭವಾದದ್ದು ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತೆ.

ಹಾಗಿದ್ರೆ ಕನ್ಸಲ್ಟೆಂಟ್ ಬೇಡವಾ? ಬೇಕು. ಆದರೆ ಕೆಲಸ ಕೊಡೋವಾಗಲೇ, ಟಿಒಆರ್ ಅಂತಾರಲ್ಲ, ಆ ಷರತ್ತುಪತ್ರದಲ್ಲಿ ಬರೀಬೇಕು: ಇಂತಿಷ್ಟು ತಾಲೂಕುಗಳಲ್ಲಿ ಇಂತಿಷ್ಟು ದಿನ ಕೂರಬೇಕು, ಅಂಗನವಾಡಿ ಕಾರ್ಯಕರ್ತೆ, ಅಂಗಡಿ ಕೆಲಸದವರು, ಕೂಲಿಯವರು ಹೇಳಿದ್ದನ್ನ ಬರೆದುಕೊಳ್ಳಬೇಕು, ಸೊನ್ನೆ ಬಂದ ಕಡೆ ಸೊನ್ನೆ ಯಾಕೆ ಅಂತ ವಿಚಾರಿಸಬೇಕು. ಕರಡು ಕನ್ನಡದಲ್ಲಿ, ತಮಿಳಿನಲ್ಲಿ, ಹಿಂದಿಯಲ್ಲಿ ಜನರ ಮುಂದೆ ಬರಬೇಕು. ಈಗ ಯಾರ ಬದುಕಿನ ಬಗ್ಗೆ ವರದಿಯೋ ಅವರೇ ಓದೋಕಾಗದ ಭಾಷೆಯಲ್ಲಿ ಅದು ಇರುತ್ತೆ. ಡಿಗ್ರಿ ಅರ್ಧಕ್ಕೆ ಬಿಟ್ಟ ನಾನೇ ಹಳೇ ವರದಿಗಳನ್ನ ಡಿಕ್ಷನರಿ ಇಟ್ಟುಕೊಂಡು ಓದಿದ್ದು.

ಅದು ದೆಹಲಿಯವರು ಮಾಡಬೇಕಾದ ಕೆಲಸ. ಇಲ್ಲಿ ಆಗಬೇಕಾದದ್ದು ಅದಕ್ಕಿಂತ ಬಹಳ ಸಣ್ಣದು. ತಾಲೂಕು ಕಚೇರಿ, ಬಸ್ ಸ್ಟ್ಯಾಂಡ್, ಎಪಿಎಂಸಿ ಗೇಟು, ಈ ಮೂರು ಕಡೆ ನೋಡಲ್ ಅಧಿಕಾರಿಯ ಹೆಸರು, ನಂಬರ್ ಇರೋ ಒಂದು ಬೋರ್ಡು. ವ್ಯಾಪಾರಸ್ಥರ ಸಂಘದವರು ಮನಸ್ಸು ಮಾಡಿದ್ರೆ ಅದೇ ಕಾಗದವನ್ನ ಪ್ರತಿ ಅಂಗಡಿಯಲ್ಲಿ ಅಂಟಿಸಬಹುದು. ಖರ್ಚು ಒಂದು ಫ್ಲೆಕ್ಸಿನದ್ದು ಮತ್ತು ಝೆರಾಕ್ಸಿನದ್ದು. ಸಂಘದ ಪದಾಧಿಕಾರಿಯೊಬ್ಬರಿಗೆ ಹೇಳಿದೆ. "ಹೆಸರು ಗೊತ್ತಾದ್ರ ಅಂಟಸೂಣ, ನಮ್ದೇನು ತಕರಾರಿಲ್ಲ" ಅಂದಿದ್ದಾರೆ. ಈ ಮಾತನ್ನ ಇಲ್ಲಿ ಬರೆದಿಟ್ಟಿದ್ದೀನಿ, ಅವರೂ ಓದ್ತಾರೆ.

ಹೆಸರು ತಿಳಿಯೋಕೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕು ಅರ್ಜಿ ಹಾಕಿದ್ದೀನಿ. ಕೇಳಿರೋದು ಮೂರೇ: ನೋಡಲ್ ಅಧಿಕಾರಿ ಯಾರು, ಯಾವ ದಿನಾಂಕದ ಆದೇಶದಲ್ಲಿ ನೇಮಕ ಆದ್ರು, ಅವತ್ತಿನಿಂದ ಬಂದ ದೂರು ಎಷ್ಟು. ಉತ್ತರ ಕೊಡೋಕೆ 30 ದಿನ ಅವಕಾಶ ಇದೆ. ಬಂದ ದಿನ ಹೆಸರು, ನಂಬರ್ ಇದೇ ಜಾಗದಲ್ಲಿ ಹಾಕ್ತೀನಿ. ಮೂರನೇ ಪ್ರಶ್ನೆಗೆ ಏನು ಬರುತ್ತೆ ಅನ್ನೋದು ನಿಮಗೂ ಗೊತ್ತಿದೆ.